ಕಣ್ಣು ಮಂಜಾದ ಅಜ್ಜಿಗೆ ಓದಿ ಹೇಳೋಕೆ ಯಾವ ಪುಸ್ತಕ ಒಳ್ಳೇದು? ಸ್ವಲ್ಪ ಹೇಳ್ರಪ್ಪಾ

ರಾತ್ರಿ ಪಾಳಿ:
ಎಲ್ರಿಗೂ ನಮಸ್ಕಾರ. ನಮ್ಮಜ್ಜಿಗೆ 81 ವರ್ಷ, ತಿಪಟೂರು ಕಡೆಯವ್ರು, ಈಗ ಎರಡು ವರ್ಷದಿಂದ ಬೆಂಗ್ಳೂರಲ್ಲಿ ನಮ್ ಜೊತೆ ಇದಾರೆ. ಕಣ್ಣಿನ ಪರದೆ ಸವೆದಿದೆ ಅಂದ್ರು ಡಾಕ್ಟ್ರು. ಓಡಾಡೋಕೆ ತೊಂದ್ರೆ ಇಲ್ಲ, ಅಡುಗೆಮನೆಗೆ ಗೋಡೆ ಹಿಡೀದೇ ಹೋಗ್ತಾರೆ, ಆದ್ರೆ ಪೇಪರ್ ಹಿಡಿದ್ರೆ ನೋಡಬೇಕಾದ ಜಾಗದಲ್ಲೇ ಒಂದು ಕಪ್ಪು ಮಚ್ಚೆ ಕೂತಿರುತ್ತಂತೆ. ಅಜ್ಜಿ ಅಂದ್ರೆ ಸುಮ್ನೆ ಅಲ್ಲ, ತ್ರಿವೇಣಿ ಎಂ.ಕೆ. ಇಂದಿರಾ ಎಲ್ಲಾ ಬಾಡಿಗೆ ಲೈಬ್ರರಿಯಿಂದ ತಂದು ಓದಿರೋರು, ಸುಧಾದಲ್ಲಿ ಬರ್ತಿದ್ದ ಧಾರಾವಾಹಿ ಪುಟಗಳ್ನ ಕತ್ತರಿಸಿ ದಬ್ಬಳದಲ್ಲಿ ಹೊಲಿದು ಇಟ್ಕೊಂಡಿದ್ದೋರು. ಈಗ ಇಡೀ ದಿನ ಟಿವಿ ಸೌಂಡ್ ಕೇಳ್ಕೊಂಡು ಕೂತಿರ್ತಾರೆ, ನೋಡೋಕೆ ಬೇಜಾರಾಗುತ್ತೆ.

ಆಡಿಯೋ ಬುಕ್ ಹಾಕ್ಕೊಟ್ಟೆ. ಒಂದು ವಾರ ಕೇಳಿ "ಇವ್ನು ನಾನು ಕೇಳಿದ್ದಕ್ಕೆ ಉತ್ರ ಕೊಡಲ್ಲ ಕಣೋ" ಅಂತ ಫೋನ್ ವಾಪಸ್ ಕೊಟ್ರು. ಅದಕ್ಕೆ ನಾನೇ ಓದೋಣ ಅಂತ. ನನ್ನ ಶಿಫ್ಟ್ ಶುರುವಾಗೋದು ರಾತ್ರಿ 9.30ಕ್ಕೆ, ಅದಕ್ಕೆ ಮುಂಚೆ ಅರ್ಧ ಗಂಟೆ ಸಿಗುತ್ತೆ. ಸಮಸ್ಯೆ ಏನಂದ್ರೆ ನಾನು ಇಂಗ್ಲಿಷ್ ಮೀಡಿಯಂ, ಕನ್ನಡ ಓದ್ತೀನಿ ಆದ್ರೆ ಬಸ್ ಬೋರ್ಡ್ ಓದೋ ಥರ ಓದ್ತೀನಿ. ಅಜ್ಜಿದು ಒಂದೇ ಕಂಡೀಷನ್, ಮೊದಲ್ನೇ ಪುಸ್ತಕದಲ್ಲೇ ಯಾರೂ ಸಾಯಬಾರ್ದು. ಹೇಳಿ.

ಕಾಫಿ ಡಿಕಾಕ್ಷನ್:
ಕರ್ವಾಲೊ. ಇದ್ರಲ್ಲಿ ಯೋಚ್ನೆ ಮಾಡೋಕೆ ಏನಿದೆ. ಹಾರೋ ಓತಿಕ್ಯಾತ ಹುಡುಕ್ಕೊಂಡು ಕಾಡಿಗೆ ಹೋಗೋರ ಕತೆ. ತೇಜಸ್ವಿ ಮಾತಾಡಿದ ಹಾಗೇ ಬರೀತಾರೆ, ನಿಮ್ ನಾಲಗೆ ಎಲ್ಲೂ ಸಿಕ್ಕಾಕ್ಕೊಳ್ಳಲ್ಲ. ಮಂದಣ್ಣ, ಪ್ಯಾರ, ಬಿರಿಯಾನಿ ಕರಿಯಪ್ಪ ಇವ್ರೆಲ್ಲ ಬಂದ್ರೆ ಅಜ್ಜಿ ನಗ್ತಾರೆ ಗ್ಯಾರಂಟಿ. ಪುಸ್ತಕಾನೂ ಸಣ್ಣದು.

ಲೈಬ್ರರಿ ಮೇಡಂ:
ಕರ್ವಾಲೊಗೆ ನಂದೂ ಓಟು. ಆದ್ರೆ ಇಲ್ಲಿ ಒಂದು ವಿಷ್ಯ ಎಲ್ರೂ ಮರೀತಾರೆ, ಅದನ್ನ ಮೊದ್ಲು ಹೇಳ್ಬಿಡ್ತೀನಿ. ನಮಗೆ ಇಷ್ಟ ಆದ ಪುಸ್ತಕ ಎಲ್ಲಾ ಓದಿ ಹೇಳೋಕೆ ಆಗಲ್ಲ. ನಾನು ನಮ್ಮತ್ತೆಗೆ ಮೂರು ವರ್ಷ ಓದಿದೀನಿ. ಪರ್ವ ನನ್ನ ಫೇವರಿಟ್, ಹಾಗಾಗಿ ಅದನ್ನೇ ಹಿಡಿದೆ. ಅದ್ರಲ್ಲಿ ಒಬ್ಬೊಬ್ರು ಕೂತು ಹಿಂದಿಂದೆಲ್ಲಾ ನೆನೆಸ್ಕೊಳ್ತಾ ಹೋಗ್ತಾರಲ್ವಾ, ಕಣ್ಣಲ್ಲಿ ಓದುವಾಗ ಡೌಟ್ ಬಂದ್ರೆ ನಾಲ್ಕು ಸಾಲು ಹಿಂದಕ್ಕೆ ಹೋಗಿ ನೋಡ್ಕೊಂಡು ಬರ್ತೀವಿ. ಕೇಳೋರು ಹಿಂದಕ್ಕೆ ಹೋಗೋದು ಹೇಗೆ? ಅತ್ತೆ ಪ್ರತಿ ಹತ್ತು ನಿಮಿಷಕ್ಕೆ "ಈಗ ನೆನೆಸ್ಕೊಳ್ತಿರೋದು ಕುಂತೀನೋ ಗಾಂಧಾರೀನೋ" ಅಂತ ಕೇಳೋರು. ಐವತ್ತು ಪುಟಕ್ಕೆ ಕೈ ಮುಗಿದೆ.

ಓದಿ ಹೇಳೋಕೆ ಮಾತುಕತೆ ಜಾಸ್ತಿ ಇರೋ, ಒಂದು ಕೂತಲ್ಲಿ ಒಂದು ತುಂಡು ಮುಗಿಯೋ ಪುಸ್ತಕ ಬೇಕು. ಗೊರೂರರ ಹಳ್ಳಿಯ ಚಿತ್ರಗಳು ತಗೊಳ್ಳಿ. ಹಾಸನ ಸೀಮೆ ಕನ್ನಡ, ತಿಪಟೂರು ಅಜ್ಜಿಗೆ ಪಕ್ಕದ್ಮನೆ ಮಾತು ಇದ್ದ ಹಾಗೆ ಇರುತ್ತೆ. ಆಮೇಲೆ ತೇಜಸ್ವಿಯವ್ರದ್ದೇ ಅಣ್ಣನ ನೆನಪು. ಕುವೆಂಪು ಮನೇಲಿ ಹೆಂಗಿದ್ರು ಅನ್ನೋದು ಮಗನ ಬಾಯಲ್ಲಿ, ಎಲ್ಲಿಂದ ಬೇಕಾದ್ರೂ ಶುರು ಮಾಡ್ಬಹುದು. ಓದೋಕೆ ಮನಸ್ಸಿಲ್ಲದ ದಿನ ನಾ. ಕಸ್ತೂರಿ ಅವ್ರ ಅನರ್ಥಕೋಶದಿಂದ ಹತ್ತು ಪದ ಓದಿ ಮಲಗಿಸಿ.

ಧಾರವಾಡದಾಂವ:
ಅಲ್ರೀ, ಬರೇ ಮಲೆನಾಡು ಮೈಸೂರು ಕಡೀದ ಹೇಳಾಕತ್ತೀರಿ. ಬೀಚಿ ಓದ್ರಿ ಬೀಚಿ. ನನ್ನ ಭಯಾಗ್ರಫಿ ಅಂತ ಅದ, ಹೆಸರ ಕೇಳಿದ್ರ ಅಜ್ಜಿ ನಗತಾರ. ನಮ್ಮ ಅಪ್ಪಾಗೂ ಕಡೀ ಕಡೀಗೆ ಕಣ್ಣು ಹೋಗಿತ್ತು, ನಾ ದಿನಾ ಸಂಜೀಕ ಬೇಂದ್ರೆ ಪದ್ಯಾ ಓದ್ತಿದ್ದೆ. ಓದೂದು ಅಂದ್ರ ಓದೂದಲ್ಲ, ಅವ್ರ ಮುಂದಿನ ಸಾಲು ಅವ್ರೇ ಹೇಳತಿದ್ರು, ನಾ ಸುಮ್ನ ಪುಸ್ತಕ ಹಿಡಕೊಂಡು ಕೂಡೂದಷ್ಟ. ಇಲ್ಲಿ ಮನೋಹರ ಗ್ರಂಥಮಾಲೆ ಅಟ್ಟಕ್ಕ ಬಂದ್ರ ಹಳೇ ಪುಸ್ತಕ ಭಾಳ ಸಿಗತಾವ, 1933ರಿಂದ ನಡಸ್ಯಾರ. ಇತ್ತಾಗ ಬಂದಾಗ ಬರ್ರಿ.

ತೀರ್ಥಹಳ್ಳಿ ಕಡೆಯವ:
ಮಲೆಗಳಲ್ಲಿ ಮದುಮಗಳು ಯಾರೂ ಹೇಳ್ಲಿಲ್ವಲ್ಲಾ ಅಂತ ಆಶ್ಚರ್ಯ. ಗುತ್ತಿ, ಅವ್ನ ನಾಯಿ ಹುಲಿಯ, ಐತ, ಪೀಂಚಲು. ಅಜ್ಜಿಗೆ ಇದಕ್ಕಿಂತ ಬೇಕಾ?

ಕಾಫಿ ಡಿಕಾಕ್ಷನ್:
ಸ್ವಾಮಿ ಅದು 700 ಪುಟದ ಮೇಲಿದೆ. ಹುಡುಗ ಬಸ್ ಬೋರ್ಡ್ ಓದೋ ಥರ ಓದ್ತೀನಿ ಅಂತಿದಾನೆ. ದಿನಕ್ಕೆ ಅರ್ಧ ಗಂಟೆ ಅಂದ್ರೆ ಮುಂದಿನ ಯುಗಾದಿಗೂ ಗುತ್ತಿ ಮೇಗರವಳ್ಳಿಯಲ್ಲೇ ಇರ್ತಾನೆ.

ತೀರ್ಥಹಳ್ಳಿ ಕಡೆಯವ:
ಇರ್ಲಿ ಬಿಡಿ, ಯಾರಿಗೆ ಅರ್ಜೆಂಟು? ಬಸವಲಿಂಗಯ್ಯನವ್ರು ಅದನ್ನ ನಾಟಕ ಮಾಡ್ಸಿದಾಗ ಜನ ರಾತ್ರಿಯಿಡೀ ಚಾಪೆ ಹಾಸ್ಕೊಂಡು ಕೂತು ನೋಡಿದ್ರು, ಒಂಬತ್ತು ಗಂಟೆ. ಅದು ಕೇಳೋಕೆ ಅಂತಲೇ ಇರೋ ಕಾದಂಬರಿ ಅಂತ ನನ್ನ ಅಭಿಪ್ರಾಯ. ಅದ್ರಲ್ಲಿ ಯಾರೂ ಅವಸರದಲ್ಲಿಲ್ಲ, ನಿಮ್ಮನ್ನ ಬಿಟ್ಟು.

ಲೈಬ್ರರಿ ಮೇಡಂ:
ಇಬ್ರೂ ಜಗಳ ಆಡ್ಬೇಡಿ. ಮದುಮಗಳು ಆಮೇಲೆ. ನಾಲಗೆ ಪಳಗಿದ್ಮೇಲೆ ಓದ್ಲಿ.

ರಾತ್ರಿ ಪಾಳಿ:
ಕರ್ವಾಲೊ ತಂದೆ. ಗಾಂಧಿ ಬಜಾರಲ್ಲಿ ಸಿಕ್ತು. ನಾಲ್ಕು ದಿನದ ರಿಪೋರ್ಟ್ ಹೇಳ್ತೀನಿ. ಮೊದಲ್ನೇ ದಿನ ಆರು ಪುಟ ಅಷ್ಟೇ ಆಯ್ತು. ಯಾಕಂದ್ರೆ ಅಜ್ಜಿ ಪ್ರತಿ ಸಾಲಿಗೂ ನಿಲ್ಲಿಸ್ತಾರೆ. ನಾನು ಮಹಾಪ್ರಾಣ ಎಲ್ಲಾ ನುಂಗ್ತೀನಂತೆ. "ಬಾರ ಅಲ್ಲ ಭಾರ, ಹೊಟ್ಟೆಯಿಂದ ಹೇಳು" ಅಂತಾರೆ. ಇವ್ರು ಓದಿದ್ದು ಏಳನೇ ಕ್ಲಾಸು, ನಾನು ಎಂಟೆಕ್ಕು. ಎರಡನೇ ದಿನ ಹೊಸ ಸಮಸ್ಯೆ, ನಾನು ಫುಲ್ ಸ್ಟಾಪ್ ನೋಡದೆ ಓಡ್ತೀನಂತೆ, "ನಿನಗೆ ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ" ಅಂದ್ರು. ಆದ್ರೆ ಮಂದಣ್ಣನ ಮದುವೆ ಸೀನಿಗೆ ಇಬ್ರೂ ಬಿದ್ದು ಬಿದ್ದು ನಕ್ವಿ, ಅಮ್ಮ ಕುಕ್ಕರ್ ಆಫ್ ಮಾಡಿ ಬಂದು ಬಾಗಿಲಲ್ಲಿ ನಿಂತ್ರು. ಈಗ ಕೇಳೋರು ಇಬ್ರು.

ಬಾಲ್ಕನಿ ಬೆಕ್ಕು:
ಯಾರತ್ರ ಆದ್ರೂ ಕರ್ವಾಲೊ ಪಿಡಿಎಫ್ ಇದ್ಯಾ?

ಲೈಬ್ರರಿ ಮೇಡಂ:
ಇಲ್ಲ. ಎರಡು ಪ್ಲೇಟ್ ಮಸಾಲೆ ದೋಸೆ ದುಡ್ಡು, ಕೊಂಡು ಓದಿ.

ಮಂಡ್ಯ ಹೈದ 71:
ಎಲ್ಲಾ ಹೇಳಿದ್ರಿ, ದೇವನೂರು ಮಹಾದೇವ ಅವ್ರನ್ನ ಮರ್ತ್ರಲ್ಲ. ಒಡಲಾಳ ಓದಿ ಕಣ್ರೀ. ಒಂದು ಮುದುಕಿ, ಸಾಕವ್ವ, ಅವಳ ಕೋಳಿ ಹುಂಜ ಕಳೆದೋಗಿರುತ್ತೆ, ಅದನ್ನ ಹುಡುಕ್ತಾಳೆ. ಕತೆ ಅಂದ್ರೆ ಇಷ್ಟೇ ಅಂತ ಅಂದ್ಕೋಬೇಡಿ. ಕಡಲೆಕಾಯಿ ತಿನ್ನೋ ರಾತ್ರಿ ಒಂದು ಬರುತ್ತೆ, ಅದ್ರ ಬಗ್ಗೆ ನಾನು ಏನೂ ಹೇಳಲ್ಲ, ಓದಿದ್ಮೇಲೆ ಬಂದು ನೀವೇ ಹೇಳಿ.

ನಂದೊಂದು ಅನುಭವ ಹೇಳ್ತೀನಿ. ಕಾಲೇಜಲ್ಲಿ ಕುಸುಮಬಾಲೆ ಪಾಠಕ್ಕಿತ್ತು. ಕಣ್ಣಲ್ಲಿ ಓದಿದ್ರೆ ಒಂದು ಪುಟಕ್ಕೆ ತಲೆ ಗಿರ್ ಅನ್ನೋದು, ನಂಜನಗೂಡು ಸೀಮೆ ಮಾತು ಹೆಂಗಿದ್ಯೋ ಹಂಗೇ ಬರ್ದವ್ರೆ. ಹಾಸ್ಟೆಲಲ್ಲಿ ಆ ಕಡೆ ಹುಡುಗ ಒಬ್ಬ ಇದ್ದ, ಅವ್ನು ಒಂದಿನ ಜೋರಾಗಿ ಓದಿದ. ಅಷ್ಟೇ ನೋಡಿ, ಪೂರ್ತಿ ಬಿಡಿಸ್ಕೊಂಡ್ತು. ಮಂಚ ಮಾತಾಡುತ್ತೆ, ಜೋತಮ್ಮಗಳು, ಅಂದ್ರೆ ದೀಪದ ದೇವತೆಗಳು, ರಾತ್ರಿ ಸೇರ್ಕೊಂಡು ಮನೆಮನೆ ಸುದ್ದಿ ಹೇಳ್ಕೊತವೆ, ಎಲ್ಲಾ ಕಿವಿಗೆ ಬಿದ್ಮೇಲೆ ಅರ್ಥ ಆಗಿದ್ದು. ಎಲ್. ಬಸವರಾಜು ಅವ್ರು ಅದೇ ಪುಸ್ತಕನ ಪದ್ಯದ ಥರ ಸಾಲು ಒಡೆದು ಜೋಡಿಸಿದಾರೆ, ಸುಮ್ನೆ ಮಾಡ್ಲಿಲ್ಲ ಅದನ್ನ. ಅಂದ್ರೆ ಮೇಡಂ ಹೇಳಿದ್ದಕ್ಕೆ ಉಲ್ಟಾನೂ ಇದೆ, ಕಣ್ಣಿಗೆ ಕಷ್ಟ ಆಗೋ ಕೆಲವು ಪುಸ್ತಕ ಕಿವಿಗೆ ಸಲೀಸು.

ಲೈಬ್ರರಿ ಮೇಡಂ:
ಒಪ್ಕೊಂಡೆ. ಇದು ನನ್ನ ತಲೆಗೆ ಹೊಳೆದಿರ್ಲಿಲ್ಲ. ಆದ್ರೆ ಆ ಹಾಸ್ಟೆಲ್ ಹುಡುಗನ ನಾಲಗೆ ಎಲ್ರಿಗೂ ಇರಲ್ವಲ್ಲ.

ಎಂತ ಮಾರಾಯ್ರೆ:
ನಮ್ಮ ಕಡೆಯಿಂದ ಒಂದೂ ಬರ್ಲಿಲ್ಲ ಅಂತ ನೋಡ್ತಾ ಇದ್ದೆ. ಕಾರಂತರ ಬೆಟ್ಟದ ಜೀವ ಓದಿ ಮಾರಾಯ್ರೆ. ಸುಬ್ರಹ್ಮಣ್ಯದ ಹತ್ರ ಕಾಡಲ್ಲಿ ದಾರಿ ತಪ್ಪಿದವ ಒಬ್ಬ ಗೋಪಾಲಯ್ಯ ಶಂಕರಮ್ಮ ಅಂತ ಮುದಿ ಗಂಡ ಹೆಂಡ್ತಿ ಮನೇಲಿ ಉಳ್ಕೊಳ್ತಾನೆ. ಆ ಮನೆಯ ಊಟ, ತೋಟ, ಆ ಅಜ್ಜನ ಬಾಯಿ, ಎಂತ ಚಂದ ಗೊತ್ತುಂಟಾ. 1943ರ ಪುಸ್ತಕ, ಈಗ್ಲೂ ಊರ್ಕಡೆ ಮನೆ ಮನೆಯಲ್ಲಿ ಅದೇ ಕಥೆ, ಮಗ ಹೊರಗೆ, ಇಬ್ಬರು ಮುದುಕರು ತೋಟದಲ್ಲಿ. ಯಾರೂ ಸಾಯುದಿಲ್ಲ, ಅಜ್ಜಿಯ ಕಂಡೀಷನ್‌ಗೆ ಪಾಸು. ಆದ್ರೆ ಅಳು ಬರುದಿಲ್ಲ ಅಂತ ನಾನು ಹೇಳುದಿಲ್ಲ ಆಯ್ತಾ.

ವೈದೇಹಿಯವರ ಕಥೆ ಕೂಡ ಓದಿ. ಕುಂದಾಪ್ರ ಭಾಷೆ ಬರುವಲ್ಲಿ ಬಯಲುಸೀಮೆಯವರಿಗೆ ಸ್ವಲ್ಪ ತಡವರಿಸ್ತದೆ, ಪರವಾಗಿಲ್ಲ.

ದುಬೈ ಕನ್ನಡತಿ:
ನಾನು ಇಲ್ಲಿಂದ ಹಾಸನದಲ್ಲಿರೋ ಅಮ್ಮಂಗೆ ಶುಕ್ರವಾರ ಶನಿವಾರ ಫೋನಲ್ಲೇ ಓದ್ತೀನಿ. ಬೂಕರ್ ಬಂದಾಗ ಎಲ್ರ ಥರ ನಾನೂ ಹಾರ್ಟ್ ಲ್ಯಾಂಪ್ ಇಂಗ್ಲಿಷಲ್ಲಿ ತಗೊಂಡು ಅಮ್ಮಂಗೆ ಕನ್ನಡದಲ್ಲಿ ಹೇಳ್ತಾ ಹೋದೆ. ಅಮ್ಮ ಕೇಳಿದ್ರು, "ಬಾನು ಮುಷ್ತಾಕ್ ನಮ್ಮೂರೋರು, ಕನ್ನಡದಲ್ಲಿ ಬರೆದಿದ್ದನ್ನ ದೀಪಾ ಭಾಸ್ತಿ ಇಂಗ್ಲಿಷ್ ಮಾಡಿದ್ರು, ನೀನು ದುಬೈಲಿ ಕೂತು ವಾಪಸ್ ಕನ್ನಡ ಮಾಡ್ತಿದೀಯ, ನಿಂಗೇನಾದ್ರೂ ಬುದ್ಧಿ ಇದ್ಯಾ?" ನಾಚ್ಕೆ ಆಗೋಯ್ತು. ರಜಕ್ಕೆ ಹೋದಾಗ ಕನ್ನಡದ್ದೇ ತಂದೆ. ಎದೆಯ ಹಣತೆ ಕತೆ ಓದುವಾಗ ಅಮ್ಮ ಒಂದು ಮಾತೂ ಆಡ್ಲಿಲ್ಲ, ಲೈನ್ ಕಟ್ ಆಯ್ತಾ ಅಂತ ಎರಡು ಸಲ ಹಲೋ ಅಂದೆ.

ಸಾರಾ ಅಬೂಬಕ್ಕರ್ ಅವ್ರ ಚಂದ್ರಗಿರಿಯ ತೀರದಲ್ಲಿ ಕೂಡ ಲಿಸ್ಟಿಗೆ ಹಾಕ್ಕೊಳ್ಳಿ, ಆದ್ರೆ ಅಜ್ಜಿ ಕಂಡೀಷನ್ ಸಡಿಲ ಆದ್ಮೇಲೆ.

ಸಾಲು ಮರ:
ದಯವಿಟ್ಟು ಗೃಹಭಂಗ ಮಾತ್ರ ಓದ್ಬೇಡಿ. ಅನುಭವದ ಮಾತು. ಅದೂ ತುಮಕೂರು ಸೀಮೆದೇ, ಅಜ್ಜಿಗೆ ಹತ್ರ ಆಗುತ್ತೆ ಅನ್ಕೊಂಡು ಯಾರಾದ್ರೂ ಹೇಳ್ಬಹುದು, ಅದಕ್ಕೇ ಮೊದ್ಲೇ ಹೇಳ್ತಿದೀನಿ. ನಂಜಮ್ಮ ಗಂಡನ ಶಾನುಭೋಗಿಕೆ ಲೆಕ್ಕ ತಾನೇ ಬರೆದು, ಮುತ್ತುಗದೆಲೆ ಹಚ್ಚಿ ಮಾರಿ ಮಕ್ಕಳನ್ನ ಸಾಕ್ತಾಳೆ, ಆಮೇಲೆ ಪ್ಲೇಗು ಬರುತ್ತೆ. ನಮ್ಮಮ್ಮಂಗೆ ಓದ್ತಾ ಇದ್ದೆ, ಪ್ಲೇಗಿನ ಭಾಗ ಬಂದಾಗ ನನಗೇ ಗಂಟಲು ಕಟ್ಟಿ ಓದೋಕಾಗ್ಲಿಲ್ಲ. ಮೂರು ದಿನ ಮನೇಲಿ ಸೂತಕದ ವಾತಾವರಣ.

ಧಾರವಾಡದಾಂವ:
ಅದಕ್ಕ ಓದಬೇಕ್ರಿ ಅದನ್ನ. ನಗೂದಷ್ಟ ಸಾಹಿತ್ಯ ಏನು?

ಸಾಲು ಮರ:
ಅಣ್ಣಾ ನಾನು ಅದು ಕೆಟ್ಟ ಪುಸ್ತಕ ಅಂದ್ನಾ? ಭೈರಪ್ಪನವ್ರು ಬರೆದದ್ರಲ್ಲಿ ನನಗೆ ಅದೇ ಬೆಸ್ಟ್. ರಾತ್ರಿ ಮಲಗೋ ಮುಂಚೆ 81 ವರ್ಷದವ್ರಿಗೆ ಬೇಡ ಅಂದೆ ಅಷ್ಟೇ.

ರಾತ್ರಿ ಪಾಳಿ:
ಕರ್ವಾಲೊ ಮುಗೀತು, ಹದಿನೇಳು ದಿನ. ಕೊನೇ ಪುಟ ಓದಿ ಮುಗಿಸ್ದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ದು, ನಮ್ಮೂರಲ್ಲೂ ತೆಂಗಿನ ತೋಟದಲ್ಲಿ ಓತಿಕ್ಯಾತ ಎಷ್ಟೊಂದು ಇರ್ತಿತ್ತು ನಾವು ಸುಮ್ನೆ ಕಲ್ಲು ಹೊಡೀತಿದ್ವಿ ಅಂದ್ರು. ಅಷ್ಟೇ ವಿಮರ್ಶೆ.

ಆಮೇಲೆ ಅವ್ರೇ ಕಂಡೀಷನ್ ಮುರಿದು ಎಂ.ಕೆ. ಇಂದಿರಾ ಅವ್ರ ಫಣಿಯಮ್ಮ ಬೇಕು ಅಂದ್ರು. ಹಿಂದೆ ಒಂದು ಸಲ ಓದಿದ್ರಂತೆ. ಇಲ್ಲಿ ಒಂದು ಮಜಾ ಆಯ್ತು ನೋಡಿ. ನನಗೆ ಕತೆ ಗೊತ್ತಿಲ್ಲ, ಅವ್ರಿಗೆ ಗೊತ್ತು. ಚಿಕ್ಕ ವಯಸ್ಸಿಗೇ ಗಂಡ ಸತ್ತು, ಆಮೇಲೆ ತಲೆ ಬೋಳಿಸಿ, ಆ ಮನೇಲಿ ನೂರು ವರ್ಷ ದಾಟಿ ಬದುಕಿದ ಹೆಂಗಸು. ನಾನು ಓದ್ತಾ ಓದ್ತಾ ಸಿಟ್ಟು ಬಂದು ಪುಸ್ತಕ ಮುಚ್ಚಿಟ್ಟೆ, "ಯಾರೂ ಏನೂ ಕೇಳ್ಲಿಲ್ವಾ ಅಜ್ಜಿ" ಅಂದೆ. ಅಜ್ಜಿ ಸಮಾಧಾನವಾಗಿ ಅವ್ರ ಸೋದರತ್ತೆ ಒಬ್ರ ವಿಷ್ಯ ಹೇಳಿದ್ರು. ಮನೇಲಿ ಯಾರ ಬಾಯಲ್ಲೂ ನಾನು ಕೇಳಿರದ ಹೆಸರು ಅದು. ಕೆಂಪು ಸೀರೆ ಉಟ್ಕೊಂಡು ಹಿತ್ತಲಲ್ಲಿ ಅಡಿಕೆ ಹಾಳೆ ಒಣಗಿಸ್ತಾ ಇರ್ತಿದ್ರಂತೆ, ಮಕ್ಕಳು ಹತ್ರ ಹೋದ್ರೆ ಬೆಲ್ಲದ ಚೂರು ಕೊಡ್ತಿದ್ರಂತೆ. ಅವತ್ತು ಒಂದು ಪುಟಾನೂ ಓದ್ಲಿಲ್ಲ, ಶಿಫ್ಟಿಗೆ ಇಪ್ಪತ್ತು ನಿಮಿಷ ಲೇಟು.

ಅಂದಹಾಗೆ ಶುರುವಲ್ಲಿ ನಾನು ಪಣಿಯಮ್ಮ ಅಂತ್ಲೇ ಓದಿದ್ದು. ಎಷ್ಟು ಬೈಸ್ಕೊಂಡೆ ಅಂತ ಕೇಳ್ಬೇಡಿ.

ಎಂತ ಮಾರಾಯ್ರೆ:
ಇಂದಿರಾ ಅವರು ಬರೆಯೋಕೆ ಶುರು ಮಾಡಿದ್ದು ನಲವತ್ತು ದಾಟಿದ ಮೇಲೆ ಅಂತೆ, ನನ್ನ ಹಾಗೆ ಸೋಮಾರಿಗಳಿಗೆ ಅದೊಂದು ಸಮಾಧಾನ.

ಷಟ್ಪದಿ:
ಕಾದಂಬರಿ ಬಿಟ್ಟು ಬೇರೆ ಹೇಳ್ಲಾ? ಕುಮಾರವ್ಯಾಸ. ಹೆದರ್ಬೇಡಿ. ನಮ್ಮಲ್ಲಿ ಮೌನವಾಗಿ ಓದೋದು ಇತ್ತೀಚಿಂದು. ಊರಲ್ಲಿ ಒಬ್ರು ಓದೋರು, ಇನ್ನೊಬ್ರು ಅರ್ಥ ಹೇಳೋರು, ಉಳಿದೋರೆಲ್ಲಾ ಕೇಳೋರು. ಗಮಕದಲ್ಲಿ ಈಗ್ಲೂ ಹಾಗೇ, ವಾಚನಕ್ಕೆ ಒಬ್ರು ವ್ಯಾಖ್ಯಾನಕ್ಕೆ ಒಬ್ರು. ನಿಮ್ಮನೇಲಿ ಈಗ ಆಗ್ತಿರೋದೂ ಅದೇ ಅಲ್ವಾ, ನೀವು ವಾಚನ, ಅಜ್ಜಿ ವ್ಯಾಖ್ಯಾನ. ಭಾಮಿನಿ ಷಟ್ಪದಿ ನಡಿಗೆ ಒಂದು ಸಲ ನಾಲಗೆಗೆ ಹತ್ತಿದ್ರೆ ಅದೇ ಎಳ್ಕೊಂಡು ಹೋಗುತ್ತೆ. ಉತ್ತರನ ಪೌರುಷದ ಭಾಗದಿಂದ ಶುರು ಮಾಡಿ, ಹೆಂಗಸರ ಮುಂದೆ ಕೊಚ್ಕೊಂಡು ಆಮೇಲೆ ಕುರುಸೈನ್ಯ ನೋಡಿ ರಥದಿಂದ ಹಾರಿ ಓಡೋ ಉತ್ತರಕುಮಾರ. ಹಳ್ಳೀಲಿ ಬೆಳೆದ 81 ವರ್ಷದವ್ರಿಗೆ ಅರ್ಧ ಬಾಯಿಪಾಠ ಇದ್ರೂ ಆಶ್ಚರ್ಯ ಇಲ್ಲ.

ಕಾಫಿ ಡಿಕಾಕ್ಷನ್:
ಬಸ್ ಬೋರ್ಡಿಂದ ಸೀದಾ ಕುಮಾರವ್ಯಾಸ! ಪಾಪ ಹುಡುಗ. ನಾಟಕ ಹೇಳ್ಬಹುದಿತ್ತು, ಮನೇಲಿ ಅಮ್ಮಾನೂ ಬಂದು ಕೂತಿದಾರೆ ಅಂದ್ರೆ ಕೈಲಾಸಂ ಟೊಳ್ಳುಗಟ್ಟಿ ಪಾತ್ರ ಹಂಚ್ಕೊಂಡು ಓದ್ಬಹುದು. ಇಂಗ್ಲಿಷ್ ಮೀಡಿಯಂ ಹುಡುಗನಿಗೆ ಕೈಲಾಸಂ ಕನ್ನಡ ಹೇಳಿ ಮಾಡ್ಸಿದ್ದು, ಅರ್ಧ ಇಂಗ್ಲಿಷೇ ಇದೆ.

ಹೊಸ ಓದುಗ:
ಇದೇ ಚರ್ಚೆಲಿ ಕೇಳ್ತೀನಿ ಬೈಬೇಡಿ, ನಮ್ಮನೇಲಿ ಅಜ್ಜಿ ಇಲ್ಲ, ನಾನೇ ಓದ್ಬೇಕು, ಸ್ಪೀಡಾಗಿ ಹೋಗೋದು ಯಾವ್ದು?

ಮಂಡ್ಯ ಹೈದ 71:
ಜುಗಾರಿ ಕ್ರಾಸ್. ಆಮೇಲೆ ಗಣೇಶಯ್ಯ ಅವ್ರ ಕರಿಸಿರಿಯಾನ. ಅದಾದ್ಮೇಲೆ ವಸುಧೇಂದ್ರರ ತೇಜೋ ತುಂಗಭದ್ರಾ, ಒಂದ್ಕಡೆ ಲಿಸ್ಬನ್ ಒಂದ್ಕಡೆ ವಿಜಯನಗರ, ದಪ್ಪ ಇದೆ ಆದ್ರೆ ಗೊತ್ತಾಗಲ್ಲ. ಒಂದೇ ರಾತ್ರೀಲಿ ಮುಗಿಬೇಕು ಅಂದ್ರೆ ವಿವೇಕ ಶಾನಭಾಗರ ಘಾಚರ್ ಘೋಚರ್. ಇರುವೆ ಬಗ್ಗೆ ಬರೋ ಭಾಗ ಓದಿದ್ಮೇಲೆ ಅಡುಗೆಮನೆ ಕಟ್ಟೆ ನೋಡೋ ರೀತಿ ಬದಲಾಗುತ್ತೆ.

ಲೈಬ್ರರಿ ಮೇಡಂ:
ರಾತ್ರಿ ಪಾಳಿ ಎಲ್ಲಿ ಹೋದ್ರು? ತಿಂಗಳಾಯ್ತು. ಅಜ್ಜಿ ಹುಷಾರಾಗಿದಾರಾ?

ರಾತ್ರಿ ಪಾಳಿ:
ಹುಷಾರಾಗಿದಾರೆ ಮೇಡಂ, ಕ್ಷಮಿಸಿ, ಆಫೀಸಲ್ಲಿ ರಿಲೀಸ್ ಇತ್ತು. ಒಡಲಾಳ ಆಯ್ತು. ಓದಿದ್ಮೇಲೆ ಬಂದು ಹೇಳಿ ಅಂತ ಮಂಡ್ಯ ಹೈದರು ಅಂದಿದ್ರಲ್ಲ. ಆ ಕಡಲೆಕಾಯಿ ರಾತ್ರಿ ಅರ್ಧ ಓದಿರ್ಬೇಕಾದ್ರೆ ಅಜ್ಜಿ ನಿಲ್ಸು ಅಂದ್ರು. ಏನೋ ತಪ್ಪು ಓದಿದ್ನೇನೋ ಅನ್ಕೊಂಡೆ. "ಹೋಗಿ ಕಡ್ಲೆಕಾಯಿ ತಗೊಂಡ್ ಬಾ, ಇದನ್ನ ಬರೀ ಬಾಯಲ್ಲಿ ಕೇಳೋಕಾಗಲ್ಲ." ಒಂಬತ್ತು ಗಂಟೆ ರಾತ್ರೀಲಿ ಸ್ಕೂಟರ್ ತಗೊಂಡು ಹೋಗಿ ತಳ್ಳೋ ಗಾಡಿಯವ್ನ ಹತ್ರ ಬಿಸಿ ಕಡ್ಲೆಕಾಯಿ ತಂದೆ. ಮೂರೂ ಜನ ಸಿಪ್ಪೆ ಬಿಡಿಸ್ಕೊಂಡು ಉಳಿದಿದ್ದು ಓದಿ ಮುಗಿಸಿದ್ವಿ. ಪೊಲೀಸ್ರು ಬರೋ ಜಾಗಕ್ಕೆ ಬಂದಾಗ ನಮ್ ಮಡಿಲಲ್ಲೂ ಸಿಪ್ಪೆ. ಅಮ್ಮ ನಗ್ಬೇಕೋ ಅಳ್ಬೇಕೋ ಗೊತ್ತಾಗ್ದೆ ಎದ್ದು ಹೋದ್ರು.

ಈಗ ಬೆಟ್ಟದ ಜೀವ ನಡೀತಿದೆ. ನಿನ್ನೆ ಒಂದು ಕಳ್ಳತನ ಮಾಡಿ ಸಿಕ್ಕಾಕ್ಕೊಂಡೆ. ಶಿಫ್ಟಿಗೆ ಐದೇ ನಿಮಿಷ ಇತ್ತು, ಕಾಡಿನ ವರ್ಣನೆ ಉದ್ದ ಇತ್ತು, ಸುಮ್ನೆ ಎರಡು ಹಾಳೆ ಒಟ್ಟಿಗೆ ತಿರುಗಿಸಿ ಮಾತುಕತೆ ಇರೋ ಕಡೆಯಿಂದ ಓದಿದೆ. ಅಜ್ಜಿ ಕಣ್ಣು ಮುಚ್ಕೊಂಡು ಕೂತಿದ್ರು. "ಹಾಳೆ ದಪ್ಪಕ್ಕೆ ಸದ್ದಾಯ್ತು. ಹಿಂದಕ್ಕೆ ಹೋಗು" ಅಂದ್ರು.

ತೀರ್ಥಹಳ್ಳಿ ಕಡೆಯವ:
ಈ ಅಜ್ಜಿ ಮದುಮಗಳಿಗೆ ರೆಡಿ ಆಗಿದಾರೆ. ಪುಸ್ತಕ ನಾನೇ ಕಳಿಸ್ತೀನಿ, ಅಡ್ರೆಸ್ ಮೆಸೇಜ್ ಮಾಡಿ.

ಕಾಫಿ ಡಿಕಾಕ್ಷನ್:
ಬೇಗ ಕಳಿಸಿ ಸ್ವಾಮಿ, ಯುಗಾದಿ ಹತ್ರ ಬಂತು.